ಊರಿಗೆ ಬರುವ ಹಣಕ್ಕೊಂದು ಸುಂಕದ ಕಟ್ಟೆ

ಭದ್ರಾವತಿಯ ನ್ಯೂ ಟೌನ್ ಹೊರಗಿನಿಂದ ದುಡಿಯಲು ಬಂದವರಿಂದ ಬೆಳೆದ ಬಡಾವಣೆ. 1918ರಲ್ಲಿ ಮೈಸೂರು ಸಂಸ್ಥಾನ ಭದ್ರೆಯ ದಂಡೆಯಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭಿಸಿತು. 1923ರಲ್ಲಿ ಕುಲುಮೆ ಹೊತ್ತಿತು. ಬೇರೆ ಬೇರೆ ಜಿಲ್ಲೆಗಳಿಂದಷ್ಟೇ ಅಲ್ಲ, ತಮಿಳು, ತೆಲುಗು, ಮಲಯಾಳ ಸೀಮೆಗಳಿಂದಲೂ ಕಾರ್ಮಿಕರು ಬಂದು ನೆಲೆಸಿದರು. ಹೊಟ್ಟೆಪಾಡಿಗೆ ಊರು ಬಿಟ್ಟವನಿಗೆ ಸಂಬಳದ ದಿನ ಎರಡು ಲೆಕ್ಕ: ಇಲ್ಲಿನ ಮನೆಗೆ ಎಷ್ಟು, ಊರಿನ ಮನೆಗೆ ಎಷ್ಟು. ಈ ಎರಡನೆಯ ಲೆಕ್ಕದ ಹಣ ಸಾಮಾನ್ಯವಾಗಿ ಮನಿಯಾರ್ಡರಿನಲ್ಲಿ ಸಾಗುತ್ತಿತ್ತು.

ಭಾರತದ ಅಂಚೆ ಇಲಾಖೆ ಮನಿಯಾರ್ಡರ್ ಸೇವೆ ಆರಂಭಿಸಿದ್ದು 1880ರಲ್ಲಿ. ಅದರ ಕೊನೆಯ ವರ್ಷಗಳಲ್ಲಿ ಪ್ರತಿ 20 ರೂಪಾಯಿಗೆ ಒಂದು ರೂಪಾಯಿ ಕಮಿಷನ್ ಇತ್ತು. ಅಂದರೆ ಶೇಕಡಾ 5. ಅದನ್ನು ಯಾರೂ ತೆರಿಗೆ ಎನ್ನಲಿಲ್ಲ. ಆ ಒಂದು ರೂಪಾಯಿಗೆ ಪೋಸ್ಟ್‌ಮ್ಯಾನ್ ಹಣವನ್ನು ಮನೆ ಬಾಗಿಲಿಗೆ ತಂದು ಎಣಿಸಿ ಕೊಡುತ್ತಿದ್ದ; ಪಡೆದವರ ಸಹಿಯೋ ಹೆಬ್ಬೆಟ್ಟಿನ ಗುರುತೋ ಕಳಿಸಿದವನಿಗೆ ವಾಪಸು ಬರುತ್ತಿತ್ತು. ಹಳೆಯ ಕಾಗದದ ಮನಿಯಾರ್ಡರ್ 2015ರಲ್ಲಿ ನಿಂತುಹೋಯಿತು.

ಈಗ ಅದನ್ನು ನೆನೆಯಲು ಕಾರಣವಿದೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಬಂದ ಮಸೂದೆಯೊಂದು, ವಲಸಿಗರು ತಾಯ್ನಾಡಿಗೆ ಕಳಿಸುವ ಹಣದ ಮೇಲೆ ಇಷ್ಟೇ ದರವನ್ನು ಸೂಚಿಸಿತ್ತು: ಶೇಕಡಾ 5. ಆದರೆ ಇದು ಸೇವೆಗೆ ಕೊಡುವ ಬೆಲೆಯಲ್ಲ, ನೇರವಾಗಿ ಸರ್ಕಾರದ ಬೊಕ್ಕಸ ಸೇರುವ ತೆರಿಗೆ. ಹಣ ಸಾಗಿಸುವ ಕಂಪೆನಿಯ ಶುಲ್ಕವನ್ನು ಬೇರೆಯಾಗಿಯೇ ತೆರಬೇಕು.

ಸುದ್ದಿ ಬಂದೊಡನೆ ಮಕ್ಕಳು ಅಮೆರಿಕದಲ್ಲಿರುವ ಮನೆಗಳಲ್ಲಿ ಆತಂಕ ಹುಟ್ಟಿದ್ದು ಸಹಜ. ಮಸೂದೆಯ ಮೊದಲ ರೂಪದಲ್ಲಿ ಅಮೆರಿಕದ ಪೌರರಿಗೆ ವಿನಾಯಿತಿಯಿತ್ತು. ವೀಸಾ ಮೇಲೆ ದುಡಿಯುವವರಿಗೂ ಗ್ರೀನ್ ಕಾರ್ಡ್ ಪಡೆದವರಿಗೂ ಇರಲಿಲ್ಲ. ಮೇ 22ರಂದು ಕೆಳಮನೆ ದರವನ್ನು ಶೇಕಡಾ 3.5ಕ್ಕೆ ಇಳಿಸಿ ಒಪ್ಪಿಗೆ ನೀಡಿತು. ಮೇಲ್ಮನೆ ಸೆನೆಟ್‌ನಲ್ಲಿ ಅದು ಶೇಕಡಾ 1ಕ್ಕೆ ಬಂತು. ಜುಲೈ 4ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸಹಿ ಹಾಕಿದರು. 2026ರ ಜನವರಿ 1ರಿಂದ ತೆರಿಗೆ ಜಾರಿಗೆ ಬಂತು.

ದರ ಇಳಿದದ್ದಕ್ಕಿಂತ ಮುಖ್ಯವಾದ ಬದಲಾವಣೆ ಇನ್ನೊಂದಿದೆ. ಕೊನೆಯ ರೂಪದಲ್ಲಿ ಕಾನೂನು ‘ಕಳಿಸುವವರು ಯಾರು’ ಎಂದು ಕೇಳುವುದನ್ನು ಬಿಟ್ಟು, ‘ಹಣವನ್ನು ಯಾವ ರೂಪದಲ್ಲಿ ಕೊಟ್ಟರು’ ಎಂದು ಕೇಳುತ್ತದೆ. ಅಂಗಡಿಯ ಕೌಂಟರಿನಲ್ಲಿ ನಗದು, ಮನಿಯಾರ್ಡರ್ ಅಥವಾ ಬ್ಯಾಂಕಿನ ಚೆಕ್ ಕೊಟ್ಟು ಕಳಿಸಿದರೆ ತೆರಿಗೆ ಉಂಟು. ಅಲ್ಲಿನ ಬ್ಯಾಂಕ್ ಖಾತೆಯಿಂದಲೋ, ಅಲ್ಲಿಯೇ ಪಡೆದ ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡಿನಿಂದಲೋ ಕಳಿಸಿದರೆ ಇಲ್ಲ. ಸಂಬಳ ನೇರ ಖಾತೆಗೆ ಬಂದು, ಅಲ್ಲಿಂದಲೇ ತಂದೆತಾಯಿಗೆ ಹಣ ಕಳಿಸುವ ಸಾಫ್ಟ್‌ವೇರ್ ಎಂಜಿನಿಯರ್ ಈ ತೆರಿಗೆಯನ್ನು ಕೊಡಬೇಕಿಲ್ಲ. ನಮ್ಮಲ್ಲಿಯೂ ಸ್ವಂತ ಮಗ ಅಥವಾ ಮಗಳು ಕಳಿಸಿದ ಹಣಕ್ಕೆ ತಂದೆತಾಯಿ ಆದಾಯ ತೆರಿಗೆ ಕಟ್ಟಬೇಕಿಲ್ಲ. ಆ ಹಣವನ್ನು ಠೇವಣಿ ಇಟ್ಟು ಬರುವ ಬಡ್ಡಿ ಮಾತ್ರ ಆದಾಯದ ಲೆಕ್ಕಕ್ಕೆ ಸೇರುತ್ತದೆ.

ಹಾಗಾದರೆ ಕೊಡುವವರು ಯಾರು? ಬ್ಯಾಂಕ್ ಖಾತೆ ತೆರೆಯಲು ಕಾಗದಪತ್ರವಿಲ್ಲದವರು, ಕೂಲಿಯನ್ನು ನಗದಾಗಿ ಪಡೆಯುವವರು, ಹೋಟೆಲಿನ ಅಡುಗೆಮನೆಯಲ್ಲಿ, ಹೊಲದಲ್ಲಿ, ಕಟ್ಟಡದ ಕೆಲಸದಲ್ಲಿ ದುಡಿಯುವವರು. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ದೇಶಗಳಿಗೆ ಇದರ ಬಿಸಿ ಹೆಚ್ಚು. ಹೊಂಡುರಾಸ್, ಎಲ್ ಸಾಲ್ವಡಾರ್‌ಗಳ ರಾಷ್ಟ್ರೀಯ ಉತ್ಪನ್ನದ ಸುಮಾರು ಕಾಲು ಭಾಗದಷ್ಟು ಹಣ ಹೀಗೆ ಹೊರಗಿನಿಂದ ಬರುವಂಥದ್ದು. ತಿಂಗಳಿಗೆ 300 ಡಾಲರ್ ನಗದು ಕಳಿಸುವವನಿಗೆ ಶೇಕಡಾ 1ರ ದರದಲ್ಲಿ ವರ್ಷಕ್ಕೆ 36 ಡಾಲರ್ ಹೊರೆ. ಮೊದಲು ಸೂಚಿಸಿದ ದರ ಉಳಿದಿದ್ದರೆ ಅದು 180 ಡಾಲರ್ ಆಗುತ್ತಿತ್ತು.

ತೆರಿಗೆಯ ಪರ ವಾದಿಸುವವರು, ದೇಶದಲ್ಲಿ ಖರ್ಚಾಗಬೇಕಾದ ಹಣ ಹೊರಗೆ ಹೋಗುತ್ತಿದೆ ಎನ್ನುತ್ತಾರೆ. ದುಡಿದಾಗ ಒಮ್ಮೆ ತೆರಿಗೆ ಕೊಟ್ಟ ಹಣಕ್ಕೆ ಕಳಿಸುವಾಗ ಇನ್ನೊಮ್ಮೆ ಏಕೆ ಎಂಬುದು ವಿರೋಧಿಗಳ ಪ್ರಶ್ನೆ. 2015ರಲ್ಲಿ ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳು, ವಲಸಿಗರು ಹಣ ಕಳಿಸುವ ವೆಚ್ಚವನ್ನು 2030ರೊಳಗೆ ಶೇಕಡಾ 3ಕ್ಕಿಂತ ಕೆಳಗೆ ತರಬೇಕೆಂದು ಗುರಿ ಇಟ್ಟುಕೊಂಡಿವೆ. ಹೊಸ ತೆರಿಗೆ ಆ ಗುರಿಗೆ ವಿರುದ್ಧ ದಿಕ್ಕಿನದು.

ನಮಗೆ ಇದು ದೂರದ ಸಂಗತಿಯೇ? ಭಾರತೀಯ ರಿಸರ್ವ್ ಬ್ಯಾಂಕಿನ ಸಮೀಕ್ಷೆಯಂತೆ 2023-24ರಲ್ಲಿ ಭಾರತಕ್ಕೆ ಹೊರದೇಶಗಳಿಂದ ಬಂದ ಇಂಥ ಹಣದಲ್ಲಿ ಶೇಕಡಾ 27.7ರಷ್ಟು ಅಮೆರಿಕದಿಂದ, ಶೇಕಡಾ 19.2ರಷ್ಟು ಸಂಯುಕ್ತ ಅರಬ್ ಸಂಸ್ಥಾನದಿಂದ ಬಂದಿದೆ. ಕರ್ನಾಟಕದ ಪಾಲು ಶೇಕಡಾ 7.7. ಅಮೆರಿಕದ ದಾರಿ ಹೆಚ್ಚಾಗಿ ಓದಿದವರದು, ಖಾತೆಯುಳ್ಳವರದು. ಕೊಲ್ಲಿ ದೇಶಗಳದು ಹಾಗಲ್ಲ. ಅಲ್ಲಿ ಚಾಲಕರು, ವೆಲ್ಡರುಗಳು, ಅಂಗಡಿಯ ಕೆಲಸಗಾರರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅಂಥವರ ಸಂಬಳಕ್ಕೆ ಅಲ್ಲಿ ಆದಾಯ ತೆರಿಗೆ ಇಲ್ಲ. ಊರಿಗೆ ಕಳಿಸುವ ಹಣದ ಮೇಲೆ ತೆರಿಗೆ ಹಾಕುವ ಸಲಹೆ 2014ರಲ್ಲಿ ಒಮಾನ್‌ನಲ್ಲಿ, 2018ರಲ್ಲಿ ಕುವೈತ್‌ನಲ್ಲಿ ಎದ್ದಿತ್ತಾದರೂ ಜಾರಿಗೆ ಬರಲಿಲ್ಲ. ಅಮೆರಿಕದ ಉದಾಹರಣೆ ಮುಂದಿರುವಾಗ ಅಂಥ ಸಲಹೆ ಮತ್ತೆ ತಲೆಯೆತ್ತಿದರೆ ಮೊದಲು ಪೆಟ್ಟು ಬೀಳುವುದು ಇಂಥ ಕೆಲಸಗಾರರಿಗೆ.

ಸುಂಕದ ಕಟ್ಟೆ ಎದ್ದಲ್ಲಿ ಕಳ್ಳದಾರಿಯೂ ಹುಟ್ಟುತ್ತದೆ. ಹಣ ಸಾಗಿಸುವ ಕಳ್ಳದಾರಿಗೆ ನಮ್ಮಲ್ಲಿ ಹಳೆಯ ಹೆಸರೇ ಇದೆ: ಹವಾಲ. ಕೌಂಟರಿನಲ್ಲಿ ಖರ್ಚು ಹೆಚ್ಚಿದಷ್ಟೂ ಹವಾಲದವನ ಮಾತು ಹಿತವಾಗಿ ಕೇಳಿಸುತ್ತದೆ. ಆದರೆ ಅಲ್ಲಿ ರಸೀತಿಯಿಲ್ಲ. ಹಣ ಮುಳುಗಿದರೆ ದೂರು ಕೊಡಲು ಜಾಗವಿಲ್ಲ. ಭಾರತದ ಕಾನೂನಿನಲ್ಲಿ ಅದು ಅಪರಾಧವೂ ಹೌದು. ಹೀಗೆ ಬರುವ ಹಣ ದೇಶದ ವಿದೇಶಿ ವಿನಿಮಯದ ಲೆಕ್ಕಕ್ಕೂ ಸೇರುವುದಿಲ್ಲ.

ನ್ಯೂ ಟೌನಿನಂಥ ಊರಿಗೆ ಈ ಪ್ರಶ್ನೆ ಮುಂದೆ ಇನ್ನಷ್ಟು ಹತ್ತಿರವಾಗಲಿದೆ. ಭದ್ರಾವತಿಯ ಕಾಗದ ಕಾರ್ಖಾನೆ ನಿಂತು ವರ್ಷಗಳಾದವು. ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಕಾರ್ಮಿಕರ ಹೋರಾಟದ ಬಳಿಕ ಕೆಲಸ ಅಷ್ಟಿಷ್ಟು ಮುಂದುವರಿದರೂ ಹಳೆಯ ದಿನಗಳು ಮರಳಿಲ್ಲ. ಒಂದು ಕಾಲಕ್ಕೆ ಹೊರಗಿನವರು ದುಡಿಯಲು ಬರುತ್ತಿದ್ದ ಊರಿನಿಂದ ಈಗ ಮಕ್ಕಳು ದುಡಿಯಲು ಹೊರಗೆ ಹೋಗಬೇಕಾಗಿದೆ.

ಹೊರದೇಶದಲ್ಲಿರುವವರು ಸದ್ಯ ಮಾಡಬಹುದಾದದ್ದು ಸರಳ: ನಗದು ಬಿಟ್ಟು ಖಾತೆಯ ಮೂಲಕ ಕಳಿಸುವುದು, ಶುಲ್ಕದ ಜತೆಗೆ ಡಾಲರಿಗೆ ಕೊಡುವ ವಿನಿಮಯ ದರವನ್ನೂ ಹೋಲಿಸಿ ನೋಡುವುದು. ಶುಲ್ಕವೇ ಇಲ್ಲ ಎನ್ನುವವರು ದರದಲ್ಲಿ ಮುರಿದುಕೊಳ್ಳುವುದುಂಟು. ಆದರೆ ಈ ಜಾಣ್ಮೆ ಖಾತೆ ಇದ್ದವರಿಗೆ ಮಾತ್ರ ಒದಗುತ್ತದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಶೇಕಡಾ 1 ಸಣ್ಣ ಸಂಖ್ಯೆಯೇ ಇರಬಹುದು. ಆದರೆ ಕಟ್ಟೆಯೊಂದನ್ನು ಕಟ್ಟಿಯಾದ ಮೇಲೆ ದರವನ್ನು ಏರಿಸುವುದಕ್ಕೆ ಹೊಸ ಕಟ್ಟೆ ಬೇಕಾಗುವುದಿಲ್ಲ.