ಬಣ್ಣದ ಪಾಕ ಬರೆದಿಟ್ಟವರು, ಅರೆದು ನೋಡಿದವರು

ಎಳೆಯರ ಮುಖಕ್ಕೆ ಪೇಟೆ ಕೋಳಿಯ ಮೊಟ್ಟೆ, ಮುದುಕರ ಮುಖಕ್ಕೆ ಹಳ್ಳಿ ಕೋಳಿಯ ಮೊಟ್ಟೆ. ಪೇಟೆ ಮೊಟ್ಟೆಯ ಹಳದಿ ತೆಳು, ಹಳ್ಳಿಯದರಲ್ಲಿ ಕೆಂಪು ಹೆಚ್ಚು. ಮೈಬಣ್ಣ ಕಲಸುವಾಗ ಇದು ನೆನಪಿರಲಿ. ಸುಮಾರು 1400ರಲ್ಲಿ ಹೀಗೆ ಬರೆದಿಟ್ಟವನು ಇಟಲಿಯ ಚೆನ್ನೀನೊ ಚೆನ್ನೀನಿ. ಬಣ್ಣದ ಪುಡಿ ಹಲಗೆಗೆ ಕಚ್ಚಲೆಂದು ಮೊಟ್ಟೆಯ ಹಳದಿಯನ್ನೇ ಅಂಟಾಗಿ ಬಳಸುತ್ತಿದ್ದ ಕಾಲ ಅದು. ಗುರು ಆಞೊಲೊ ಗದ್ದಿಯ ಬಳಿ ಹನ್ನೆರಡು ವರ್ಷ ದುಡಿದು ಕಲಿತದ್ದನ್ನೆಲ್ಲ ಅವನು ಪುಸ್ತಕಕ್ಕೆ ಇಳಿಸಿದ. ಆ ಪುಸ್ತಕ ಅಚ್ಚಾದದ್ದು ಮಾತ್ರ 1821ರಲ್ಲಿ, ರೋಮ್‌ನಲ್ಲಿ.

ಹಳೆಯ ಚಿತ್ರವನ್ನು ಕಣ್ಣಿನಿಂದ ನೋಡಿ ಮೆಚ್ಚುವುದು ಬೇರೆ, ಅದು ಯಾವುದರಿಂದ ಆಯಿತು, ಹೇಗಾಯಿತು ಎಂದು ಹಳೆಯ ಬರಹಗಳಲ್ಲಿ ಹುಡುಕುವುದು ಬೇರೆ. ಈ ಎರಡನೆಯ ದಾರಿಗೆ ದೊಡ್ಡ ತಿರುವು ಸಿಕ್ಕಿದ್ದು ಒಂದು ಗ್ರಂಥಾಲಯದಲ್ಲಿ. ತೈಲವರ್ಣವನ್ನು ಕಂಡುಹಿಡಿದವನು ಫ್ಲೆಮಿಶ್ ಚಿತ್ರಗಾರ ಯಾನ್ ವಾನ್ ಐಕ್ ಎಂದು ಕಲಾವಿದರ ಚರಿತ್ರೆಕಾರ ವಸಾರಿ 1550ರಲ್ಲಿ ಬರೆದಿದ್ದ. ಯೂರೋಪು ಅದನ್ನೇ ನಂಬಿತ್ತು. ಜರ್ಮನಿಯ ವುಲ್ಫೆನ್‌ಬ್ಯುಟೆಲ್‌ನ ಗ್ರಂಥಪಾಲಕನಾಗಿದ್ದ ಸಾಹಿತಿ ಲೆಸಿಂಗ್, ಥಿಯೊಫಿಲಸ್ ಎಂಬ ಸನ್ಯಾಸಿಯ ಹನ್ನೆರಡನೆಯ ಶತಮಾನದ ಹಸ್ತಪ್ರತಿಯಲ್ಲಿ ಅಗಸೆ ಎಣ್ಣೆಯಲ್ಲಿ ಬಣ್ಣ ಅರೆಯುವ ವಿಧಾನವನ್ನು ಕಂಡ. 1774ರಲ್ಲಿ ಅದನ್ನು ಪ್ರಕಟಿಸಿದ. ವಾನ್ ಐಕ್ ಹುಟ್ಟುವ ಎರಡು ಶತಮಾನಕ್ಕೂ ಮೊದಲೇ ಎಣ್ಣೆ ಬಳಕೆಯಲ್ಲಿತ್ತು!

ಅನಂತರದ ಕಥೆಯನ್ನು ಮುಂದಕ್ಕೆ ಒಯ್ದವರು ಇಬ್ಬರು ಹೆಂಗಸರು. ಲಂಡನ್ನಿನ ಸಂಸತ್ ಭವನ 1834ರಲ್ಲಿ ಸುಟ್ಟುಹೋಯಿತು. ಹೊಸ ಕಟ್ಟಡದ ಗೋಡೆಗಳ ಮೇಲೆ ಹಸಿಗಾರೆಯ ಚಿತ್ರ ಬರೆಸಬೇಕೆಂದರೆ ಆ ವಿದ್ಯೆ ಬಲ್ಲವರು ಇಂಗ್ಲೆಂಡಿನಲ್ಲಿ ಸಿಗುವುದೇ ಕಷ್ಟವಾಗಿತ್ತು. ಅದನ್ನು ಹಳೆಯ ಬರಹಗಳಲ್ಲೇ ಹುಡುಕಬೇಕಿತ್ತು. ಬ್ರೈಟನ್ನಿನ ಮೇರಿ ಮೆರಿಫೀಲ್ಡ್ 1844ರಲ್ಲಿ ಚೆನ್ನೀನಿಯ ಪುಸ್ತಕವನ್ನು ಇಂಗ್ಲಿಷಿಗೆ ತಂದರು. ಆಮೇಲೆ ಸರ್ಕಾರದ ಪರವಾಗಿ ಇಟಲಿಗೆ ಹೋಗಿ ಹಸ್ತಪ್ರತಿಗಳನ್ನು ಹುಡುಕಿ, 1849ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದರು. ಆದರೆ ಚೆನ್ನೀನಿಯ ಮೊದಲ ಮುದ್ರಣವೇ ಅಪೂರ್ಣವಾಗಿತ್ತು. ಜೊತೆಗೊಂದು ಎಡವಟ್ಟು: ಫ್ಲಾರೆನ್ಸಿನ ಒಂದು ಪ್ರತಿಯ ಕೊನೆಯಲ್ಲಿ 1437ನೆಯ ವರ್ಷವೂ ಸೆರೆಮನೆಯ ಹೆಸರೂ ಇದ್ದುದರಿಂದ, ಚೆನ್ನೀನಿ ಮುದಿವಯಸ್ಸಿನಲ್ಲಿ ಜೈಲಿನಲ್ಲಿ ಕೂತು ಬರೆದನೆಂದು ಬಹುಕಾಲ ನಂಬಿದರು. ಅದು ಪ್ರತಿ ಮಾಡಿದವನ ಟಿಪ್ಪಣಿ, ಚೆನ್ನೀನಿಯದಲ್ಲ. ಹಳೆಯ ಪುಸ್ತಕವನ್ನು ನಂಬುವ ಮುನ್ನ ಅದು ಯಾರ ಕೈ ದಾಟಿ ಬಂತೆಂದು ಕೇಳಲೇಬೇಕು.

ಎರಡನೆಯವರು ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್. 1899ರಲ್ಲಿ ಚೆನ್ನೀನಿಯ ಹೊಸ ಅನುವಾದ ಕೊಟ್ಟ ಈಕೆ ಸ್ವತಃ ಮೊಟ್ಟೆ ಒಡೆದು, ಬಣ್ಣ ಕಲಸಿ, ಬೊತ್ತಿಚೆಲ್ಲಿಯ ಚಿತ್ರಗಳನ್ನು ನಕಲು ಮಾಡಿದ ಕಲಾವಿದೆ. ಓದಿದ್ದನ್ನು ಕೈಯಲ್ಲಿ ಮಾಡಿ ನೋಡಿದಾಗಲೇ ಗ್ರಂಥ ಬಾಯಿಬಿಡುತ್ತದೆ; ಈ ವಿದ್ಯೆಯ ಜೀವಾಳವೇ ಅದು.

ಅದೇ ಹೆರಿಂಗ್‌ಹ್ಯಾಮ್ 1909ರಿಂದ 1911ರ ನಡುವೆ ಅಜಂತದಲ್ಲಿ ಬೀಡುಬಿಟ್ಟು ಅಲ್ಲಿನ ಚಿತ್ರಗಳನ್ನು ಪ್ರತಿ ಮಾಡಿಸಿದರು. ತಂಡದಲ್ಲಿ ನಂದಲಾಲ್ ಬೋಸ್, ಅಸಿತ್ ಕುಮಾರ್ ಹಾಲ್ದಾರ್ ಇದ್ದರು. ಮೈಸೂರು ಅರಮನೆಯ ನೆರವಿನಿಂದ ಕಲ್ಕತ್ತೆಯಲ್ಲಿ ಕಲಿಯುತ್ತಿದ್ದ ನಮ್ಮ ಕೆ. ವೆಂಕಟಪ್ಪನವರೂ ಇದ್ದರು. ಬೆಂಗಳೂರಿನ ಕಲಾ ಗ್ಯಾಲರಿಗೆ ಹೆಸರಾದ ವೆಂಕಟಪ್ಪನವರ ಬದುಕಿನ ಈ ಪುಟವನ್ನು ನಾವು ನೆನೆಯುವುದೇ ಕಡಿಮೆ. ಆ ಪ್ರತಿಗಳು 1915ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು.

ಅಜಂತದ್ದು ಹಸಿಗಾರೆಯ ಚಿತ್ರವೋ, ಒಣಗೋಡೆಯದೋ? ವಾದ ಬಹಳ ನಡೆಯಿತು. ಇದಕ್ಕೆ ಪ್ರಯೋಗಶಾಲೆಯ ಉತ್ತರ ಕೊಟ್ಟವರು ಮದರಾಸು ವಸ್ತುಸಂಗ್ರಹಾಲಯದ ರಸಾಯನಶಾಸ್ತ್ರಜ್ಞ ಎಸ್. ಪರಮಶಿವನ್. ಹೊಟ್ಟು, ನಾರು ಬೆರೆಸಿದ ಮಣ್ಣಿನ ಗಿಲಾವು, ಅದರ ಮೇಲೆ ತೆಳು ಸುಣ್ಣ, ಅದರ ಮೇಲೆ ಅಂಟಿನಲ್ಲಿ ಕಲಸಿದ ಬಣ್ಣ: ಅಜಂತದ ಕ್ರಮ ಇದು. ತಂಜಾವೂರಿನ ಬೃಹದೀಶ್ವರ ದೇಗುಲದ ಚೋಳರ ಚಿತ್ರಗಳಲ್ಲಿ ಮಾತ್ರ ಹಸಿ ಸುಣ್ಣದ ಮೇಲೇ ಬಣ್ಣ ಹಚ್ಚಿದ್ದಾರೆಂದು ಅವರು 1930ರ ದಶಕದಲ್ಲಿ ತೋರಿಸಿದರು.

ಹಾಗಾದರೆ ನಮ್ಮ ಚೆನ್ನೀನಿ ಯಾರು? ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. ಅವನು ಚಿತ್ರಗಾರನಲ್ಲ, ಅರಸ. ಆದರೂ ಸುಮಾರು 1129ರ ಅವನ ‘ಮಾನಸೋಲ್ಲಾಸ’ದಲ್ಲಿ, ಅಂದರೆ ‘ಅಭಿಲಷಿತಾರ್ಥ ಚಿಂತಾಮಣಿ’ಯಲ್ಲಿ, ಚಿತ್ರಶಾಲೆಯ ಕೆಲಸ ಕಣ್ಣಿಗೆ ಕಟ್ಟುತ್ತದೆ. ಎಮ್ಮೆಯ ಹಸಿ ಚರ್ಮವನ್ನು ಬೆಣ್ಣೆಯಂತೆ ಮೆತ್ತಗಾಗುವವರೆಗೆ ಬೇಯಿಸಿ, ಕಡ್ಡಿ ಮಾಡಿ ಒಣಗಿಸಿಟ್ಟರೆ ವಜ್ರಲೇಪ. ಅದನ್ನು ಬಿಸಿನೀರಿನಲ್ಲಿ ಕರಗಿಸಿ, ಬಿಳಿಮಣ್ಣು ಬೆರೆಸಿ ಗೋಡೆಗೆ ಮೂರು ಸಲ ಬಳಿಯಬೇಕು. ಕಾಡಿಗೆಯನ್ನು ಅನ್ನದೊಡನೆ ಅರೆದು ಗೆರೆ ಎಳೆಯುವ ಬತ್ತಿ ಮಾಡಬೇಕು. ಕರುವಿನ ಕಿವಿಯ ಕೂದಲನ್ನು ಅರಗಿನಿಂದ ಕೂರಿಸಿದರೆ ಕುಂಚ. ಚರ್ಮದಂಟು ಮಾಡುವ ಕೆಲಸವನ್ನು ಇಷ್ಟು ಹತ್ತಿರದಿಂದ ಬರೆಸಿದ ಅರಸನ ಬಗ್ಗೆ ನನಗೆ ಅಪಾರ ಗೌರವವಿದೆ. ಮೈಸೂರಿನ ಓರಿಯಂಟಲ್ ಲೈಬ್ರರಿ ಇದರ ಒಂದು ಭಾಗವನ್ನು 1926ರಲ್ಲಿ ಅಚ್ಚು ಹಾಕಿಸಿತು.

ಇಲ್ಲಿಯೂ ಎಚ್ಚರ ಬೇಕು. 578ರ ಬಾದಾಮಿ ಮೂರನೆಯ ಗುಹೆಯಲ್ಲಿ ಅಳಿದುಳಿದ ಬಣ್ಣಕ್ಕೆ ಸೋಮೇಶ್ವರನ ಪಾಕವನ್ನೇ ಆರೋಪಿಸಲಾಗದು. ನಡುವೆ ಐದೂವರೆ ಶತಮಾನ ಸರಿದಿದೆ. ಕೆಳದಿಯ ಬಸವಪ್ಪ ನಾಯಕನ ‘ಶಿವತತ್ವರತ್ನಾಕರ’ದ ಚಿತ್ರಭಾಗವೂ ಸೋಮೇಶ್ವರನ ಮಾತುಗಳನ್ನು ಬಹಳವಾಗಿ ಎತ್ತಿಕೊಂಡಿದೆ. ಅಷ್ಟರಿಂದಲೇ ಹದಿನೆಂಟನೆಯ ಶತಮಾನದ ಮಲೆನಾಡಿನಲ್ಲಿ ವಜ್ರಲೇಪ ಕಾಯಿಸುತ್ತಿದ್ದರು ಎನ್ನಲು ಬರುವುದಿಲ್ಲ. ಅದನ್ನು ಗೋಡೆಯೇ ಹೇಳಬೇಕು, ಗೋಡೆಯ ಕಣವನ್ನು ಪರೀಕ್ಷಿಸುವವರು ಹೇಳಬೇಕು.

ಮೈಸೂರು ಶೈಲಿಯ ಚಿತ್ರಗಾರರ ಮನೆಗಳಲ್ಲಿ ಚಿನ್ನದ ರೇಕಿನಡಿಯ ಮಕ್ಕಿ ಸಫೇದ ಎಂಬ ಲೇಪದ ಉಬ್ಬುಕೆಲಸ, ಹುಣಿಸೆ ಕಡ್ಡಿಯ ಇದ್ದಿಲು, ಅಳಿಲು ಕೂದಲಿನ ಕುಂಚ ಇವೆಲ್ಲ ಬಾಯಿಂದ ಬಾಯಿಗೆ ಬಂದ ವಿದ್ಯೆ. ಅಂಥ ಮನೆಯ ಅಟ್ಟದಲ್ಲಿ ಬಣ್ಣದ ಲೆಕ್ಕ, ಅಳತೆ, ಪಾಕ ಬರೆದ ಕಡತವೋ ಓಲೆಯೋ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೋ ಹತ್ತಿರದ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೋ ಒಮ್ಮೆ ತೋರಿಸಿ.