ರಕ್ತದೊತ್ತಡ ಮತ್ತು ಆಹಾರ

ಪುಣೆಯ ತಾಡಿವಾಲಾ ರಸ್ತೆಯಲ್ಲಿರುವ ಬಾಪು ಭವನವು ಹಿಂದೆ ಡಾ. ದಿನ್‌ಶಾ ಮೆಹತಾ ಅವರ ಪ್ರಕೃತಿ ಚಿಕಿತ್ಸಾಲಯವಾಗಿದ್ದಿತು. ಮಹಾತ್ಮಾ ಗಾಂಧಿಯವರು ಇಲ್ಲಿ ತಂಗಿ ಚಿಕಿತ್ಸೆ ಪಡೆದಿದ್ದರು. 1945ರಲ್ಲಿ ಇಲ್ಲಿ ಸ್ಥಾಪಿತವಾದ ಪ್ರಕೃತಿ ಚಿಕಿತ್ಸಾ ನ್ಯಾಸದ ಅಧ್ಯಕ್ಷರೂ ಆಗಿದ್ದರು. 1986ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಪ್ರಕೃತಿ ಚಿಕಿತ್ಸಾ ಸಂಸ್ಥೆಯನ್ನು ಇದೇ ಸ್ಥಳದಲ್ಲಿ ಆರಂಭಿಸಿತು.

ಗಾಂಧಿಯವರೂ ಅಧಿಕ ರಕ್ತದೊತ್ತಡದಿಂದ ಬಳಲುತ್ತಿದ್ದರೆಂಬುದು ಅನೇಕರಿಗೆ ತಿಳಿಯದು. 1927ರಲ್ಲಿ ಪ್ರವಾಸದ ನಡುವೆ ಅಸ್ವಸ್ಥರಾದ ಅವರನ್ನು ಇದೇ ಕಾರಣದಿಂದ ವಿಶ್ರಾಂತಿಗಾಗಿ ನಂದಿಬೆಟ್ಟಕ್ಕೆ ಕರೆತರಲಾಗಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2019ರಲ್ಲಿ ಪ್ರಕಟಿಸಿದ ದಾಖಲೆಗಳಂತೆ, ಅವರ ರಕ್ತದೊತ್ತಡವು 1937ರ ಅಕ್ಟೋಬರ್‌ನಲ್ಲಿ 194/130, 1940ರ ಫೆಬ್ರವರಿಯಲ್ಲಿ 220/110 ಇದ್ದಿತು. ಅವರ ದೇಹದ ತೂಕವಾದರೋ 46.7 ಕಿಲೋಗ್ರಾಂ ಮಾತ್ರ. ಮಿತಾಹಾರಿಯೂ ಕೃಶಕಾಯರೂ ಆದವರಿಗೂ ಈ ವ್ಯಾಧಿ ಬರಬಲ್ಲದು. ಆದ್ದರಿಂದ ಸ್ಥೂಲಕಾಯರಲ್ಲವೆಂಬ ಧೈರ್ಯದಿಂದ ಪರೀಕ್ಷೆಯನ್ನು ಮುಂದೂಡುವುದು ಸರಿಯಲ್ಲ.

ರಕ್ತದೊತ್ತಡವು ಸಾಮಾನ್ಯವಾಗಿ 120/80ರ ಆಸುಪಾಸಿನಲ್ಲಿರುತ್ತದೆ. ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದನ್ನು ಅಧಿಕ ರಕ್ತದೊತ್ತಡವೆನ್ನುತ್ತಾರೆ. ಹೆಚ್ಚಿನವರಲ್ಲಿ ಯಾವ ಲಕ್ಷಣವೂ ತೋರದೆ ಹೃದಯ, ಮೂತ್ರಪಿಂಡ ಮತ್ತು ಮೆದುಳಿನ ರಕ್ತನಾಳಗಳಿಗೆ ಇದರಿಂದ ಹಾನಿಯಾಗುತ್ತಿರುತ್ತದೆ.

ಆಹಾರದಲ್ಲಿ ಮೊದಲು ಗಮನಿಸತಕ್ಕದ್ದು ಉಪ್ಪು. ಉಪ್ಪಿನಲ್ಲಿರುವ ಸೋಡಿಯಂ ಶರೀರದಲ್ಲಿ ನೀರನ್ನು ತಡೆಹಿಡಿಯುವುದರಿಂದ ರಕ್ತದ ಪ್ರಮಾಣವೂ, ಅದರೊಡನೆ ಒತ್ತಡವೂ ಏರುತ್ತವೆ. ವಯಸ್ಕರೊಬ್ಬರು ದಿನಕ್ಕೆ 5 ಗ್ರಾಂಗಿಂತ, ಅಂದರೆ ಒಂದು ಸಣ್ಣ ಚಮಚಕ್ಕಿಂತ, ಕಡಿಮೆ ಉಪ್ಪು ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಭಾರತೀಯರು ಸರಾಸರಿ 8 ಗ್ರಾಂ ಸೇವಿಸುತ್ತಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯೊಂದು ತಿಳಿಸಿದೆ. ಸಾರು, ಪಲ್ಯಗಳಿಗೆ ಉಪ್ಪು ಕಡಿಮೆ ಮಾಡಿದ ಮನೆಗಳಲ್ಲಿಯೂ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಚಟ್ನಿಪುಡಿಗಳು ಎಲೆಯ ತುದಿಯಲ್ಲಿ ಇದ್ದೇ ಇರುತ್ತವೆ. ಪುಣೆಯಲ್ಲಿ ಇವುಗಳ ಜೊತೆಗೆ ಸಂಜೆಯ ಫರ್ಸಾಣವೂ, ಭಾಕ್ರಿಯೊಡನೆ ಠೇಚಾವೂ ಸೇರುತ್ತವೆ. ಅಡುಗೆ ಸೋಡಾದಲ್ಲಿಯೂ ಸೋಡಿಯಂ ಇದೆ. ಏಕಾದಶಿಯ ಸಾಬೂದಾಣಿ ಖಿಚಡಿಗೆ ಹಾಕುವ ಸೈಂಧವ ಲವಣವು ನಿರಪಾಯವೆಂಬ ನಂಬಿಕೆಯೂ ಉಂಟು. ಅದು ಕೂಡ ಬಹುಪಾಲು ಸೋಡಿಯಂ ಕ್ಲೋರೈಡೇ ಆಗಿದೆ.

ಸೋಡಿಯಂ ಅನ್ನು ಹೊರಹಾಕಲು ನೆರವಾಗುವ ಪೊಟ್ಯಾಸಿಯಂ ಸೊಪ್ಪು, ತರಕಾರಿ, ಬಾಳೆಹಣ್ಣು, ಬೇಳೆಕಾಳು ಹಾಗೂ ಎಳನೀರಿನಲ್ಲಿ ದೊರೆಯುತ್ತದೆ. ಹಣ್ಣು, ತರಕಾರಿ ಮತ್ತು ಕೊಬ್ಬು ಕಡಿಮೆಯಿರುವ ಹಾಲಿನ ಪದಾರ್ಥಗಳಿಂದ ಕೂಡಿದ ಆಹಾರವು ರಕ್ತದೊತ್ತಡವನ್ನು ಇಳಿಸುತ್ತದೆಂಬುದು 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗದಿಂದ ಸಿದ್ಧಪಟ್ಟಿದೆ. ಆದರೆ ಮೂತ್ರಪಿಂಡದ ಕಾಯಿಲೆಯುಳ್ಳವರಿಗೆ ಪೊಟ್ಯಾಸಿಯಂ ಅಪಾಯಕಾರಿಯಾಗಬಹುದು. ಅಂಗಡಿಯಲ್ಲಿ ದೊರೆಯುವ ಕಡಿಮೆ ಸೋಡಿಯಂ ಉಪ್ಪಿನಲ್ಲಿಯೂ ಅದು ಇರುವುದರಿಂದ ಅಂಥವರು ವೈದ್ಯರನ್ನು ಕೇಳದೆ ಬಳಸಕೂಡದು.

ತಲೆ ಸುತ್ತಿದೊಡನೆ "ಬಿ.ಪಿ. ಲೋ ಆಗಿದೆ" ಎಂದು ಉಪ್ಪು ಬೆರೆಸಿದ ನಿಂಬೆ ಪಾನಕವನ್ನು ಕುಡಿಸುವುದು ಮನೆಮನೆಯ ರೂಢಿ. ಅಳೆಯದೆ ಹೀಗೆ ಮಾಡುವುದು ತಪ್ಪು. ತಲೆಸುತ್ತಿಗೆ ಕಾರಣಗಳು ಹಲವು. ಕುಡಿದವರ ಒತ್ತಡವು ಆ ವೇಳೆಗೆ ಏರಿಯೇ ಇರಬಹುದು. ಒತ್ತಡವು 90/60ಕ್ಕಿಂತ ಕಡಿಮೆಯಿದ್ದರೂ ಯಾವ ತೊಂದರೆಯೂ ಇಲ್ಲದವರಿಗೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಾಗದು. ಕುಳಿತಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಮತ್ತೊಮ್ಮೆ ಅಳೆದಾಗ ಮೇಲಿನ ಅಂಕಿಯು 20ರಷ್ಟು ಇಳಿದರೆ ವೈದ್ಯರಿಗೆ ತಿಳಿಸಬೇಕು. ವಾಂತಿಭೇದಿ, ರಕ್ತಸ್ರಾವ, ಬಿಸಿಲು ಮತ್ತು ಕೆಲವು ಮಾತ್ರೆಗಳು ಇದಕ್ಕೆ ಕಾರಣವಾಗಬಲ್ಲವು. ನೀರು, ಮಜ್ಜಿಗೆಗಳನ್ನು ಆಗಾಗ ಕುಡಿಯುವುದು, ಒಮ್ಮೆಗೇ ಹೊಟ್ಟೆ ತುಂಬ ಉಣ್ಣದೆ ಸ್ವಲ್ಪಸ್ವಲ್ಪವಾಗಿ ಉಣ್ಣುವುದು, ಹಾಸಿಗೆಯಿಂದ ನಿಧಾನವಾಗಿ ಏಳುವುದು ಹಿತಕರ. ವೃದ್ಧರಲ್ಲಿ ಭಾರೀ ಊಟದ ಅನಂತರ ಒತ್ತಡವು ಇಳಿಯುವುದುಂಟು. ಉಪ್ಪನ್ನು ಹೆಚ್ಚಿಸುವ ಸಲಹೆಯನ್ನು ವೈದ್ಯರೇ ನೀಡತಕ್ಕದ್ದು.

ಉಪವಾಸದ ವಿಚಾರದಲ್ಲಿಯೂ ಇದೇ ಎಚ್ಚರಿಕೆ ಅಗತ್ಯ. 1943ರ ಫೆಬ್ರವರಿ 10ರಿಂದ ಗಾಂಧಿಯವರು ಪುಣೆಯ ಆಗಾ ಖಾನ್ ಅರಮನೆಯಲ್ಲಿ ಬಂಧಿಯಾಗಿದ್ದು 21 ದಿನ ಉಪವಾಸ ಮಾಡಿದಾಗ ವೈದ್ಯರು ಸದಾ ಬಳಿಯಲ್ಲಿದ್ದರು. ಉಪವಾಸದಲ್ಲಿ ನೀರು ಮತ್ತು ಸೋಡಿಯಂ ದೇಹದಿಂದ ಹೊರಹೋಗಿ ಒತ್ತಡವು ಇಳಿಯುತ್ತದೆ. ಮಾತ್ರೆ ಸೇವಿಸುತ್ತಿರುವವರು ಅದರ ಪ್ರಮಾಣವನ್ನು ಮೊದಲೇ ಕೇಳಿ ತಿಳಿಯದೆ ದೀರ್ಘ ಉಪವಾಸ ಕೈಗೊಂಡರೆ ಮೂರ್ಛೆ ಹೋಗುವ ಸಂಭವವಿದೆ. ಪಥ್ಯದಿಂದ ಅಂಕಿಗಳು ಇಳಿದುವೆಂದು ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸುವುದು ಇದಕ್ಕಿಂತಲೂ ಸಾಮಾನ್ಯವಾದ ತಪ್ಪು. ಕೆಲವು ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ಒತ್ತಡವು ಮೊದಲಿಗಿಂತ ಹೆಚ್ಚಾಗಿ ಮರುಕಳಿಸುತ್ತದೆ. ಎದೆನೋವು, ಒಂದು ಪಾರ್ಶ್ವದ ಬಲಹೀನತೆ, ಮಾತು ತೊದಲುವಿಕೆ ಅಥವಾ ತಣ್ಣನೆಯ ಬೆವರಿನೊಡನೆ ಮೂರ್ಛೆ ಕಂಡುಬಂದಲ್ಲಿ ಪಾನಕ, ಕಷಾಯಗಳಲ್ಲಿ ಕಾಲ ಕಳೆಯದೆ ರೋಗಿಯನ್ನು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.