ವರದಿಯಲ್ಲಿ ಕಾಣದ ರೇಖಾಚಿತ್ರಗಳು

ಬಿ. ಎಲ್. ರೈಸ್ ಅವರು 1894ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೂರನೆಯ ಸಂಪುಟದಲ್ಲಿ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳೆರಡರ ಶಾಸನಗಳೂ ಸೇರಿವೆ. ಇವನ್ನು ಶತಮಾನಾನುಸಾರವಾಗಿ ಎಣಿಸಿ, ತಾಲ್ಲೂಕಿಗೊಂದರಂತೆ ರೇಖಾಚಿತ್ರವನ್ನು ಬರೆಯಿಸುವುದಕ್ಕೆ ‘ಆರ್’ ಎಂಬ ಗಣಕಭಾಷೆಯು ಅನುಕೂಲವಾದುದು. ವಿವರಣೆಯನ್ನೂ ಗಣನೆಯ ಆಜ್ಞೆಗಳನ್ನೂ ಒಂದೇ ಕಡತದಲ್ಲಿ ಬರೆದಿಟ್ಟರೆ, ಯಿಹುಯಿ ಶೀ ಅವರು ರಚಿಸಿದ ‘ನಿಟರ್’ ಎಂಬ ಸಾಧನವು ಅವುಗಳಿಂದ ವರದಿಯನ್ನು ಸಿದ್ಧಪಡಿಸಿಕೊಡುವುದು.

ಆದರೆ ಕೆಲವು ವೇಳೆ ಅಂಕಿಗಳೆಲ್ಲವೂ ಸರಿಯಾಗಿ ಮೂಡಿ, ಚಿತ್ರಗಳು ಮಾತ್ರ ಬಾರದೆ ಹೋಗುವುವು, ದೋಷಸೂಚನೆಯೂ ದೊರೆಯುವುದಿಲ್ಲ. ಇದನ್ನು ಅಲ್ಪವಿಷಯವೆಂದು ಉಪೇಕ್ಷಿಸಲಾಗದು. ಗಂಗರ ರಾಜಧಾನಿಯಾಗಿದ್ದ ತಲಕಾಡು ನರಸೀಪುರ ತಾಲ್ಲೂಕಿನಲ್ಲಿದೆ. ಆ ತಾಲ್ಲೂಕಿನ ಚಿತ್ರವೇ ಲೋಪವಾದರೆ, ಅಲ್ಲಿ ಎಣಿಸತಕ್ಕ ಶಾಸನಗಳೇ ಇಲ್ಲವೆಂದು ವಾಚಕರು ಭಾವಿಸಬಹುದು.

ಇದಕ್ಕೆ ಮುಖ್ಯ ಕಾರಣವಿಂತಿದೆ. ದೀಪಾಯನ್ ಸರ್ಕಾರ್ ಅವರ ‘ಲ್ಯಾಟಿಸ್’, ಹ್ಯಾಡ್ಲಿ ವಿಕ್‌ಹ್ಯಾಮ್ ಅವರ ‘ಜಿಜಿಪ್ಲಾಟ್2’ ಎಂಬ ಸಲಕರಣೆಗಳಲ್ಲಿ ಚಿತ್ರದ ಆಜ್ಞೆಯು ಚಿತ್ರವನ್ನು ಕೂಡಲೇ ಬರೆಯುವುದಿಲ್ಲ. ಅದರ ಕರಡನ್ನು ಮಾತ್ರ ರಚಿಸುವುದು. ಆಜ್ಞೆಯು ಸ್ವತಂತ್ರವಾಗಿ ನಿಂತಿದ್ದರೆ ‘ಆರ್’ ತಾನಾಗಿಯೇ ಆ ಕರಡನ್ನು ಚಿತ್ರವಾಗಿ ಮೂಡಿಸುವುದು. ತಾಲ್ಲೂಕುಗಳನ್ನು ಒಂದೊಂದಾಗಿ ತೆಗೆದುಕೊಳ್ಳುವ ‘ಫಾರ್’ ಆವರ್ತನದೊಳಗಾದರೋ ಈ ಸೌಕರ್ಯವಿಲ್ಲ. ಆದುದರಿಂದ ಅಲ್ಲಿ ಪ್ರತಿಯೊಂದು ಚಿತ್ರಕ್ಕೂ ‘ಪ್ರಿಂಟ್’ ಎಂಬ ಆಜ್ಞೆಯನ್ನು ಸ್ಪಷ್ಟವಾಗಿ ಕೊಡತಕ್ಕದ್ದು. ‘ಆರ್’ ಭಾಷೆಯ ಮೂಲ ‘ಪ್ಲಾಟ್’ ಆಜ್ಞೆಯಾದರೋ ನೇರವಾಗಿಯೇ ಬರೆಯುವುದರಿಂದ ಆವರ್ತನದೊಳಗೂ ಫಲಿಸುವುದು. ಒಂದು ಬಗೆಯ ಚಿತ್ರ ಬಂದು ಇನ್ನೊಂದು ಬಾರದಿರುವುದರ ಮರ್ಮವು ಇದೇ.

ಹಾಗೆ ಮಾಡಿದರೂ ಚಿತ್ರವು ಕಾಣದಿದ್ದರೆ ಆಜ್ಞಾಖಂಡದ ಶಿರೋಭಾಗವನ್ನು ಪರೀಕ್ಷಿಸಬೇಕು. ‘ಎವಾಲ್’ ಎಂಬುದಕ್ಕೆ ‘ಫಾಲ್ಸ್’ ಎಂದಿದ್ದರೆ ಆಜ್ಞೆಗಳು ನಡೆಯುವುದೇ ಇಲ್ಲ. ‘ಇನ್‌ಕ್ಲೂಡ್’ ಎಂಬುದಕ್ಕೆ ಹಾಗಿದ್ದರೆ ಅವು ನಡೆದರೂ ಫಲವು ವರದಿಗೆ ಸೇರುವುದಿಲ್ಲ. ಕಡೆಯದಾಗಿ, ಚಿತ್ರಗಳು ಪ್ರತ್ಯೇಕ ಕಡತಗಳಾಗಿದ್ದು ವರದಿಯು ಅವುಗಳ ಸ್ಥಾನವನ್ನು ಮಾತ್ರ ನಿರ್ದೇಶಿಸುತ್ತಿದ್ದರೆ, ವರದಿಯೊಂದನ್ನೇ ಬೇರೆಡೆಗೆ ಸಾಗಿಸಿದಾಗ ಅವು ಕಾಣದಾಗುವುವು. ಚಿತ್ರದ ಕಡತವು ಇದ್ದರೆ ದೋಷವು ನಿರ್ದೇಶನದಲ್ಲಿ. ಅದೇ ಹುಟ್ಟದಿದ್ದರೆ ದೋಷವು ಆಜ್ಞೆಯಲ್ಲಿ ಎಂದು ನಿಶ್ಚಯಿಸಬಹುದು.

ಇಂತಹ ವರದಿಗಳನ್ನು ಸಿದ್ಧಪಡಿಸುವ ವಿದ್ವಾಂಸರು ಪ್ರತಿಯೊಂದು ಚಿತ್ರದ ಕೆಳಗೂ ತಾಲ್ಲೂಕಿನ ಹೆಸರನ್ನೂ ಎಣಿಸಿದ ಶಾಸನಗಳ ಸಂಖ್ಯೆಯನ್ನೂ ಮುದ್ರಿಸುವುದು ಯುಕ್ತ. ಆಗ ಬರಿದಾದ ಸ್ಥಳವು ಯಂತ್ರದ ಲೋಪವೇ ಹೊರತು ಇತಿಹಾಸದ ಶೂನ್ಯವಲ್ಲವೆಂಬುದು ವಾಚಕರಿಗೆ ತಿಳಿಯುವುದು.